ಕೆಟ್ಟ ಮೈಕಿನ ಮುಂದೆ ಅಕ್ಕ ಹೆಸರು ಹೇಳಿದ್ದು

ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು ಅನ್ನೋ ಕಾಲದಲ್ಲಿ ಸೊಸೆಯಾಗಿ ಬಂದವಳು ನಾನು. ಈಗಿನ ಹುಡುಗಿಯರು ಅಂಗಡಿಬೀದಿಯಲ್ಲಿ ಗಂಡನನ್ನು ಹೆಸರು ಹಿಡಿದು ಕೂಗೋದು ಕೇಳಿದರೆ ನನಗೆ ನಗೂನೂ ಬರುತ್ತೆ, ಸಂಕಟಾನೂ ಆಗುತ್ತೆ. ನಗು ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸಂಕಟ ಯಾಕೆ ಅನ್ನೋದನ್ನ ಬರೀತೀನಿ. ಇದರಲ್ಲಿ ಯಾರ ಹೆಸರೂ ಬರೋದಿಲ್ಲ. ಬರೆಯೋಕೆ ಬಾರದೆ ಅಲ್ಲ, ಮಂಡ್ಯದಲ್ಲಿ ಮಿಡ್ಲ್ ಸ್ಕೂಲು ತನಕ ಓದಿದವಳು ನಾನು. ಒಂದು ಹೆಸರು ಹೇಳಿದ್ದಕ್ಕೆ ನಮ್ಮ ಮನೆಯಲ್ಲಿ ಏನೇನಾಯಿತು ಅಂತ ಕಣ್ಣಾರೆ ಕಂಡಮೇಲೆ ಹೆಸರು ಬರೆಯೋಕೆ ಕೈ ಓಡೋದಿಲ್ಲ, ಅಷ್ಟೆ.

ನಮ್ಮದು ಕೊತ್ತತ್ತಿ. ನಾಲೆ ನೀರು ಬಂದಮೇಲೆ ಭತ್ತ, ಕಬ್ಬು ಅಂತ ಉಂಡುಟ್ಟುಕೊಂಡಿದ್ದ ಮನೆ. ಮಾವ ಇರಲಿಲ್ಲ, ಅತ್ತೆಯದೇ ಯಜಮಾನಿಕೆ. ಅತ್ತೆಗೆ ಇಬ್ಬರು ಗಂಡುಮಕ್ಕಳು. ಚಿಕ್ಕವರ ಹೆಂಡತಿ ನಾನು. ದೊಡ್ಡವರ ಹೆಂಡತಿ ನನಗೆ ಓರಗಿತ್ತಿ. ಆದರೆ ನಾನು ಅಕ್ಕ ಅಂತಲೇ ಕರೀತಿದ್ದೆ, ಅವಳೂ ಒಡಹುಟ್ಟಿದವಳ ಹಾಗೇ ನೋಡಿಕೊಂಡಳು. ಅಕ್ಕನಿಗೆ ಮಾತು ಕಮ್ಮಿ. ಮದುವೆಯಾಗಿ ಮನೆತುಂಬಿಸಿಕೊಳ್ಳೋ ದಿನ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರು ಹೇಳಿಸೋ ಶಾಸ್ತ್ರ ಇತ್ತಲ್ಲ, ಅವತ್ತೊಂದು ದಿನ ಹೇಳಿದರೆ ದೋಷವಿಲ್ಲ. ಅಕ್ಕ ಅವತ್ತೂ ಹೇಳಲಿಲ್ಲವಂತೆ. ಎಷ್ಟು ಹೊತ್ತು ನಿಲ್ಲಿಸಿದರೂ ತುಟಿ ಪಿಟಕ್ಕೆನ್ನದೆ ನಿಂತಿದ್ದಳಂತೆ. ಕೊನೆಗೆ ಅಡ್ಡ ನಿಂತವರಿಗೇ ಹಸಿವಾಗಿ ದಾರಿ ಬಿಟ್ಟರಂತೆ. ಅತ್ತೆ ಅದನ್ನು ಬಂದುಹೋದವರಿಗೆಲ್ಲ ಹೇಳಿ ಹೆಮ್ಮೆಪಡುತ್ತಿದ್ದರು. ಹೆಂಡತಿ ಗಂಡನ ಹೆಸರು ಹೇಳಿದಷ್ಟೂ ಅವನ ಆಯಸ್ಸು ಕರಗುತ್ತೆ ಅಂತ ನಂಬಿದ್ದ ಜೀವ ಅದು.

ಭಾವ, ಅಂದರೆ ಅಕ್ಕನ ಗಂಡ, ಮಹಾರಾಜರ ಪಡೆ ಸೇರಿದ್ದು ಯಾರ ಬಲವಂತಕ್ಕೂ ಅಲ್ಲ. ಒಳ್ಳೆ ಎತ್ತರದ ಆಳು, ಎದೆ ಅಗಲ. ಆಳು ಆರಿಸೋಕೆ ಬಂದವರು ಬರ್ತೀಯಾ ಅಂದರಂತೆ, ಇವರು ಹೂಂ ಅಂದುಬಿಟ್ಟರಂತೆ. ಯುದ್ಧಕ್ಕೆ ಅಂತ ಹಡಗು ಹತ್ತಿಸಿ ಕಳಿಸಿದರು. ಆಮೇಲೆ ಸಿಂಗಾಪುರ ಬಿತ್ತು ಅಂತ ಸುದ್ದಿ ಬಂತು, ಅಲ್ಲಿಂದ ಮುಂದಕ್ಕೆ ಒಂದು ಮಾತಿಲ್ಲ ಕತೆಯಿಲ್ಲ. ಸೆರೆ ಸಿಕ್ಕಿದ್ದಾರೆ ಅಂದರು ಕೆಲವರು. ಇನ್ನು ಕೆಲವರು ಏನೂ ಅನ್ನದೆ ನಮ್ಮ ಮುಖ ನೋಡಿ ಹೋದರು. ಅತ್ತೆ ಅವತ್ತಿನಿಂದ ಬಾಗಿಲಿಗೆ ಚಿಲಕ ಹಾಕೋದು ಬಿಟ್ಟರು. ಮಗ ಯಾವ ಹೊತ್ತಿನಲ್ಲಿ ಬಂದರೂ ತಳ್ಳಿಕೊಂಡು ಒಳಗೆ ಬರಲಿ ಅಂತ, ಆದರೆ ಯಾಕೆ ಅಂತ ಯಾರಿಗೂ ಹೇಳಲಿಲ್ಲ. ನಾವು ಸೊಸೆಯರೂ ಕೇಳಲಿಲ್ಲ.

ಆಗ ಮಂಡ್ಯದ ಪಾರ್ಕಿನಲ್ಲಿ ಪುರಸಭೆಯವರದೊಂದು ರೇಡಿಯೋ ಮನೆ ಇತ್ತು. ಮನೆ ಅಂದರೆ ಒಂದು ಗೂಡು, ಹಿಂದೊಂದು ಪಡಸಾಲೆ. ಒಳಗೆ ರೇಡಿಯೋ, ಒಂದು ಮೈಕು, ಅದರ ದನಿ ದೊಡ್ಡದು ಮಾಡೋ ಒಂದು ಪೆಟ್ಟಿಗೆ. ಪಾರ್ಕು, ಸಂತೆಮಾಳ, ಬಸ್ಸು ನಿಲ್ಲೋ ಜಾಗ ಮೂರು ಕಡೆಗೂ ತಂತಿ ಎಳೆದು ತಗಡಿನ ಹಾರನ್ ಕಟ್ಟಿದ್ದರು. ಸಂಜೆ ಹೊತ್ತು ಯುದ್ಧದ ಸುದ್ದಿ, ಆಮೇಲೆ ಎರಡು ಹಾಡು, ಕೊನೆಗೆ ಪುರಸಭೆಯವರು ಕಂದಾಯ ಕಟ್ಟಿ ಅಂತ ಗದರೋದು. ಇದನ್ನೆಲ್ಲ ನಡೆಸುತ್ತಿದ್ದವರು ಪೇಟೆಯ ಸಾಬರೊಬ್ಬರು. ಸೈಕಲ್ಲು, ಗ್ಯಾಸ್‌ಲೈಟು ರಿಪೇರಿ ಅಂಗಡಿ ಇಟ್ಟಿದ್ದರು. ಎಲ್ಲರೂ ಮೈಕಿನ ಸಾಬರು ಅಂತಲೇ ಕರೀತಿದ್ದರು.

ಆ ರೇಡಿಯೋ ಮನೆಗೆ ಒಬ್ಬ ನಟಿ ಬರುತ್ತಾರೆ ಅಂತ ಡಂಗುರವಾಯಿತು. ನಾಟಕ ಕಂಪನಿಯಲ್ಲಿ ಹೆಸರು ಮಾಡಿ ಟಾಕಿಗೂ ಹೋಗಿದ್ದವರು. ಅವರ ಹಾಡಿನ ಪ್ಲೇಟು ಹಾಕದ ಕಾಫಿ ಹೋಟೆಲು ಮದ್ದೂರಿಂದ ಮೈಸೂರಿನ ತನಕ ಇರಲಿಲ್ಲ. ಮೈಸೂರಿನ ರೇಡಿಯೋದಲ್ಲಿ ಭಾನುವಾರ ಹಾಡೋಕೆ ಹೋಗೋ ದಾರಿಯಲ್ಲಿ ಮಂಡ್ಯದಲ್ಲಿ ಇಳಿದು, ಯುದ್ಧದ ಫಂಡಿಗೆ ಅಂತ ಎರಡು ಹಾಡು ಹೇಳಿ ಹೋಗೋದು ಅಂತ ಏರ್ಪಾಡು. ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಜಿಲ್ಲಾ ಕಚೇರಿಯ ದೊಡ್ಡ ಸಾಹೇಬರಿಗೆ ಇನ್ನೊಂದು ಯೋಚನೆ ಹೊಳೀತು. ಸುದ್ದಿಯಿಲ್ಲದ ಸಿಪಾಯಿಗಳ ಹೆಂಡತಿಯರು ಮೈಕಿನ ಮುಂದೆ ನಿಂತು ಗಂಡನ ಹೆಸರು, ಊರು ಹೇಳಬೇಕು. ನಟಿ ಆ ಹೆಸರುಗಳನ್ನು ಮೈಸೂರಿನ ರೇಡಿಯೋದಲ್ಲಿ ತಮ್ಮ ಬಾಯಿಂದ ಹೇಳಿ, ಮನೆಕಡೆ ಎಲ್ಲ ಚೆನ್ನಾಗಿದ್ದಾರೆ ಅನ್ನಬೇಕು. ಸೆರೆಯಲ್ಲಿದ್ದವರ ಕಿವಿಗೆ ಅದು ಬೀಳುತ್ತೆ ಅಂತ ನಮ್ಮನ್ನು ನಂಬಿಸಿದರು. ಹೆಸರುಗಳೆಲ್ಲ ಅವರ ಕಚೇರಿಯಲ್ಲೇ ಇದ್ದವು ಸ್ವಾಮಿ. ಆದರೆ ಹೆಂಡತಿಯರ ಬಾಯಲ್ಲೇ ಬರಬೇಕಂತೆ, ಕೇಳಿದವರ ಕಣ್ಣು ಒದ್ದೆಯಾಗಬೇಕಂತೆ. ನಾನು ಹೆತ್ತವಳು, ನಾನು ಹೇಳ್ತೀನಿ ಅಂತ ಅತ್ತೆ ಹೇಳಿಕಳಿಸಿದರು. ಆಗೋಲ್ಲ, ಹೆಂಡತಿಯೇ ಆಗಬೇಕು ಅಂತ ಉತ್ತರ ಬಂತು. ಭಾವನ ಹೆಸರು ನಾನು ಹೇಳೋ ಹಾಗೂ ಇಲ್ಲ, ಅದಕ್ಕೂ ನಮ್ಮಲ್ಲಿ ಕಟ್ಟು. ಕೊನೆಗೆ ಅತ್ತೆಯೇ ಒಂದು ದಾರಿ ಹುಡುಕಿದರು. ಅಕ್ಕ ಮೈಕಿನ ಮುಂದೆ ಊರು, ಮನೆತನ, ತನ್ನ ಹೆಸರು ಹೇಳಲಿ, ಗಂಡನ ಹೆಸರನ್ನು ನಟಿಯ ಕಿವಿಯಲ್ಲಿ ನಾನು ಬಂದು ಹೇಳ್ತೀನಿ ಅಂದರು. ಮಗನಿಗೆ ಮನೆಯ ಸುದ್ದಿ ಮುಟ್ಟಬೇಕು, ಅವನ ಆಯಸ್ಸಿಗೂ ಕುತ್ತು ಬರಬಾರದು, ಎರಡೂ ಆಗಬೇಕಾಗಿತ್ತು ಆ ತಾಯಿಗೆ.

ಆಲೆಮನೆ ಕಾಲ. ದಾರಿ ತುಂಬ ಕಬ್ಬಿನ ಗಾಡಿ. ನನ್ನ ಯಜಮಾನರು ಗಾಡಿ ಹೊಡೆದರು, ನಾವು ಮೂವರು ಹೆಂಗಸರು ಮಂಡ್ಯ ಸೇರೋ ಹೊತ್ತಿಗೆ ಪಾರ್ಕಿನಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳೋ ಹಾಗಿರಲಿಲ್ಲ. ಅತ್ತೆಯನ್ನು ಮುಂದೆ ಜಮಖಾನದ ಮೇಲೆ ಕೂರಿಸಿದರು. ನಾನು, ಅಕ್ಕ, ಮಳವಳ್ಳಿ ಕಡೆಯಿಂದ ಬಂದಿದ್ದ ಇನ್ನಷ್ಟು ಹೆಂಡಿರು ರೇಡಿಯೋ ಮನೆಯೊಳಗೆ. ಅತ್ತೆಯೂ ಒಳಗೆ ಬರಬೇಕು ಅಂತ ನಾನು ಅಂದೆ. ಜಾಗ ಇಲ್ಲ, ಹೊತ್ತಿಗೆ ಸರಿಯಾಗಿ ಕರೆಸ್ತೀವಿ ಅಂದರು ಪುರಸಭೆಯ ಗುಮಾಸ್ತರು. ಅವರು ಕರೆಸಿದ್ದು ನನಗಂತೂ ಗೊತ್ತಿಲ್ಲ.

ನಟಿ ಬಂದದ್ದು ತಡವಾಗಿ, ಹಸಿದುಕೊಂಡು. ಬಂದವರ ಕೊರಳಿಗೆ ಪುರಸಭೆ ಅಧ್ಯಕ್ಷರು ಒಂದು ಮಣಭಾರದ ಮಲ್ಲಿಗೆ ಹಾರ ಹಾಕಿದರು. ಹಾರವನ್ನು ಬಾಳೆಲೆಯಲ್ಲಿ ಸುತ್ತಿ ಎಲ್ಲಿಟ್ಟಿದ್ದರೋ, ಅದರ ತುಂಬ ಕೆಂಜಿಗ. ಆಯಮ್ಮ ನಗುನಗುತ್ತಾ ನಾಲ್ಕು ಜನಕ್ಕೆ ಕೈಮುಗಿದು ಒಳಗೆ ಬಂದವರೇ ಬಾಗಿಲು ಮುಚ್ಚಿಸಿ, ಸೆರಗು ಕಿತ್ತು ಒದರಿ, ಕತ್ತು ಕೆರೆದುಕೊಂಡು ಕಣ್ಣಲ್ಲಿ ನೀರು ಹಾಕಿಕೊಂಡರು. ನಾವೆಲ್ಲ ಸೇರಿ ಇರುವೆ ಹೆಕ್ಕಿದೆವು. ಟಾಕಿಯ ದೇವತೆ ಅಂತ ಕೈಮುಗಿಯೋಕೆ ಬಂದವರು ಆಯಮ್ಮನ ಬೆನ್ನು ಉಜ್ಜುತ್ತಾ ನಿಂತೆವು. ಅಕ್ಕ ತನ್ನ ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಕಚ್ಚಿದ ಕಡೆಗೆಲ್ಲ ಹಚ್ಚಿದಳು. ಅದರಿಂದಲೇ ಇರಬೇಕು, ಆಯಮ್ಮನಿಗೆ ಅಕ್ಕನನ್ನು ಕಂಡರೆ ಅಲ್ಲೇ ಅಕ್ಕರೆ ಹುಟ್ಟಿತು.

ಆಮೇಲೆ ಪೂಜೆ. ನಮ್ಮ ಕಡೆ ಹೊಸದಾಗಿ ಗಾಣ ಹೂಡಿದಾಗ ತೆಂಗಿನಕಾಯಿ ಒಡೆದು, ಆ ನೀರನ್ನು ಗಾಣದ ಬಾಯಿಗೇ ಹುಯ್ಯೋದು ವಾಡಿಕೆ. ಗಾಣದ ಹೊಟ್ಟೆ ತಣ್ಣಗಿದ್ದರೆ ವರ್ಷವೆಲ್ಲ ತಕರಾರಿಲ್ಲದೆ ತಿರುಗುತ್ತೆ ಅಂತ. ಅಧ್ಯಕ್ಷರು ದೊಡ್ಡ ಆಲೆಮನೆ ಇಟ್ಟವರು. ಮೈಕಿನ ಪೆಟ್ಟಿಗೆಯೂ ಒಂದು ಯಂತ್ರ ತಾನೆ. ಮೇಲೆ ತೂತುತೂತಾಗಿ ಬಾಯಿ ಬೇರೆ ಇತ್ತು. ಕುಂಕುಮ ಇಟ್ಟರು, ಕಾಯಿ ಒಡೆದರು, ಭಕ್ತಿಯಿಂದ ಎರಡು ಹೋಳಿನ ನೀರನ್ನೂ ಅದರೊಳಕ್ಕೆ ಹುಯ್ದರು. ಸ್ವಾಮಿ, ಇದು ಗಾಣ ಅಲ್ಲ, ಕರೆಂಟು, ಅಂತ ಮೈಕಿನ ಸಾಬರು ಓಡಿ ಬರೋದರೊಳಗೆ ಚಟ್ ಅಂತು, ಸುಟ್ಟ ವಾಸನೆ ಬಂತು, ಗೂಡಿನ ದೀಪವೂ ಒಂದು ಸಲ ಕಣ್ಣು ಮುಚ್ಚಿ ಬಿಟ್ಟಿತು. ಅಧ್ಯಕ್ಷರಿಗೆ ಅದು ತಿಳಿಯಲೇ ಇಲ್ಲ. ಮೈಕು ಹಿಡಿದು ಉದ್ದಕ್ಕೆ ಸ್ವಾಗತ ಭಾಷಣ ಮಾಡಿದರು. ಹೊರಗೆ ಜನಕ್ಕೆ ಒಂದಕ್ಷರ ಕೇಳಲಿಲ್ಲ. ಯಾರೋ ಬಂದು ಹಾರನ್ ಸತ್ತಿದೆ ಅಂದಾಗ ಅವರು ಸಾಬರ ಮೇಲೆ ಹರಿಹಾಯ್ದರು. ನೀರು ಹುಯ್ದ ಕೈ ಯಾರದು ಅಂತ ನನ್ನ ನಾಲಗೆ ತುದಿಗೆ ಬಂದಿತ್ತು. ಅಕ್ಕ ಕೈ ಹಿಡಿದು ಅದುಮಿದಳು. ಸಾಬರು ಪೆಟ್ಟಿಗೆ ಎತ್ತಿಕೊಂಡು ಹಿಂದಿನ ಪಡಸಾಲೆಗೆ ಹೋಗಿ, ಇದ್ದಿಲ ಒಲೆ ಹಚ್ಚಿ ಒಣಗಿಸೋಕೆ ಕೂತರು. ಮೈಕು ಮಾತ್ರ ಮೇಜಿನ ಮೇಲೆ ಹಾಗೇ ಇತ್ತು, ಅದರ ತಂತಿ ಕಿಟಕಿಯಿಂದ ಹಿಂದಕ್ಕೆ ಹೋಗಿತ್ತು.

ಈ ಕಡೆ ಗುಮಾಸ್ತರು ಹೆಂಗಸರಿಗೆ ಪಾಠ ಹೇಳೋಕೆ ನಿಂತರು. ನಿನ್ನ ಗಂಡನ ಹೆಸರೇನಮ್ಮ ಅಂದರೆ ಒಬ್ಬಳು ನಮ್ಮನೇವ್ರು ಅಂದಳು. ಇನ್ನೊಬ್ಬಳು ಮಗೀನ ಅಪ್ಪ ಅಂದಳು. ಹಲಗೂರು ಕಡೆಯವಳೊಬ್ಬಳು ಬೆಟ್ಟದ ಮೇಲಿರೋ ದೇವರ ಹೆಸರು ಅಂದು ಬೆಟ್ಟದ ಕಡೆ ಕೈ ತೋರಿಸಿದಳು. ಗುಮಾಸ್ತರು ತಲೆ ಚಚ್ಚಿಕೊಂಡರು. ಎಲ್ಲರೂ ಮನೇವ್ರೇ ಆದರೆ ಸರ್ಕಾರ ಯಾವ ಮನೇವ್ರನ್ನ ಹುಡುಕೋದು ಅಂತ ರೇಗಿದರು. ನಾವು ನಕ್ಕೆವು. ನಗುವಾಗಲೇ ಒಬ್ಬಳು ಬಿಕ್ಕಿ ಬಿಕ್ಕಿ ಅಳೋಕೆ ಶುರುಮಾಡಿದಳು, ಅಲ್ಲಿಗೆ ಎಲ್ಲರ ನಗುವೂ ನಿಂತಿತು.

ನಟಿಗೆ ಸಿಟ್ಟು ಬಂತು. ಇದ್ದ ಗಂಡಸರನ್ನೆಲ್ಲ ಹೊರಗೆ ಕಳಿಸಿ ಕದ ಹಾಕಿಸಿದರು. ನನ್ನ ಅತ್ತೆ ಒಂದು ಏರ್ಪಾಡು ಹೇಳಿದ್ದಾರೆ, ಅವರನ್ನು ಕರೆಸಿ ಅಂತ ನಾನು ಹೇಳಿದೆ. ಆಗಲಿ ಕರೆಸೋಣ ಅಂದರು, ಆದರೆ ಕಣ್ಣು ಅಕ್ಕನ ಮೇಲಿತ್ತು. ಅಕ್ಕನನ್ನು ಮೈಕಿನ ಮುಂದಿನ ಸ್ಟೂಲಿನ ಮೇಲೆ ಕೂರಿಸಿ, ಕೆನ್ನೆ ಸವರಿ, ತಾನೂ ಎಂಟು ವರ್ಷ ಒಬ್ಬನ ಜೊತೆ ಬಾಳಿ ಅವನ ಹೆಸರನ್ನು ಅವನು ಸತ್ತಮೇಲೆಯೇ ಹೇಳಿದವಳು ಅಂದರು. ಬದುಕಿದ್ದಾಗ ಒಂದು ಸಲ ಕರೆಯಬೇಕಾಗಿತ್ತು ಅಂತ ಈಗ ಅನಿಸುತ್ತೆ ಅಂದರು. ಆಮೇಲೆ ಮೈಕಿನ ತಲೆಗೆ ಬೆರಳಿಂದ ಕುಟ್ಟಿ ತೋರಿಸಿದರು.

“ಇದು ಸತ್ತಿದೆ ಕಣಮ್ಮ. ಕೇಳೋರು ಯಾರೂ ಇಲ್ಲ. ನನ್ನ ಮುಂದೆ ಒಂದೇ ಒಂದು ಸಲ ಹೇಳು.”

ಅಕ್ಕ ನನ್ನ ಮುಖ ನೋಡಿದಳು. ಬೇಡ ಅಂತ ನಾನು ತಲೆ ಆಡಿಸಿದೆನೋ, ಹೇಳು ಅಂತ ಆಡಿಸಿದೆನೋ, ಇವತ್ತಿಗೂ ಗೊತ್ತಿಲ್ಲ. ಅಕ್ಕ ಹೆಸರು ಹೇಳಿದಳು. ಮೊದಲು ಉಸಿರಿಗೂ ಕೇಳದ ಹಾಗೆ. ಹೇಳಿ, ಚಾವಣಿ ಕುಸಿಯುತ್ತೇನೋ ಅನ್ನೋ ಹಾಗೆ ಮೇಲೆ ನೋಡಿದಳು. ಇನ್ನೊಂದು ಸಲ ಹೇಳಿದಳು, ಸ್ವಲ್ಪ ಗಟ್ಟಿಯಾಗಿ. ಆಮೇಲೆ ಅವಳನ್ನು ಹಿಡಿಯೋರೇ ಇಲ್ಲವಾಯಿತು. ಮನೆತುಂಬಿಸಿಕೊಂಡ ದಿನದಿಂದ ಬಾಯಲ್ಲಿ ಕಟ್ಟಿಟ್ಟುಕೊಂಡಿದ್ದದ್ದು ತೂಬು ಎತ್ತಿದ ಹಾಗೆ ಬಂತು. ಹೆಸರು ಹಿಡಿದು ಕರೆದು ಕರೆದು, ಎದುರಿಗೆ ನಿಂತವರ ಜೊತೆ ಆಡೋ ಹಾಗೆ ಆಡಿದಳು.

“ಎಲ್ಲಿದ್ರೂ ಬಂದ್ಬುಡು. ನಿನ್ ಕರಿಯೆತ್ತು ನನ್ ಕೈಲಿ ಉಲ್ಲು ತಿನ್ನಲ್ಲ. ನಿಮ್ಮವ್ವ ಬಾಗ್ಲಿಗೆ ಚಿಲ್ಕ ಆಕ್ದಲೆ ಮನಿಕತಾಳೆ. ನಾನೂ ಎದ್ದೇ ಇರ್ತೀನಿ, ಅವ್ಳಿಗೆ ಗೊತ್ತಿಲ್ಲ. ಕೈ ಓಗಿದ್ರೂ ಬಾ, ಕಾಲ್ ಓಗಿದ್ರೂ ಬಾ. ಬಂದ್ಬುಡು.”

ಹೊರಗೆ ಅಷ್ಟು ಹೊತ್ತಿನಿಂದ ಜೇನುಗೂಡಿನಂತೆ ಇದ್ದ ಗದ್ದಲ ಯಾವಾಗ ನಿಂತಿತೋ ನಮಗೆ ತಿಳಿಯಲಿಲ್ಲ. ಸಾಬರು ಪೆಟ್ಟಿಗೆ ಒಣಗಿಸಿ, ಸುಟ್ಟುಹೋಗಿದ್ದನ್ನು ಬದಲಾಯಿಸಿ, ಸರಿಹೋಯಿತೋ ನೋಡೋಣ ಅಂತ ಕರೆಂಟು ಕೊಟ್ಟಿದ್ದರು. ಮೈಕಿನ ಮುಂದೆ ಯಾರೋ ಕೂತಿದ್ದಾರೆ ಅಂತ ಅವರಿಗೇನು ಗೊತ್ತು. ಬಾಗಿಲು ದಬದಬ ಬಡಿದರು. ತೆಗೆದರೆ ಗುಮಾಸ್ತರು, ಮುಖ ಬಿಳಿಚಿಕೊಂಡಿತ್ತು. ಅವರ ಹಿಂದೆ ಇಡೀ ಪಾರ್ಕು ಎದ್ದು ನಿಂತಿತ್ತು. ಸಂತೆಮಾಳ, ಬಸ್ಸು ನಿಲ್ಲೋ ಜಾಗ, ಎಲ್ಲ ಕಡೆಯೂ ಕೇಳಿತ್ತು. ಜಮಖಾನದ ಮೇಲೆ ಕೂತೇ ಇದ್ದವರು ಅತ್ತೆ ಒಬ್ಬರು.

ಜನ ಅತ್ತರು. ಫಂಡೂ ಚೆನ್ನಾಗಿ ಆಯಿತಂತೆ. ಸಾಹೇಬರು ಕರ್ಚೀಫು ತೆಗೆದು ಕಣ್ಣೊರೆಸಿಕೊಂಡರು. ನಟಿ ಹಾಡಿದರು, ಏನು ಹಾಡಿದರು ಅಂತ ನನ್ನ ಕಿವಿಗೆ ಹೋಗಲಿಲ್ಲ. ಹೊರಡುವಾಗ ಅಕ್ಕನನ್ನು ಅಪ್ಪಿಕೊಂಡು, ನಿನ್ನ ಗಂಡನ ಹೆಸರು ನನಗೆ ಬಾಯಿಪಾಠ ಆಗಿದೆ, ಮೈಸೂರಲ್ಲಿ ಎಲ್ಲರಿಗಿಂತ ಮೊದಲು ಅದನ್ನೇ ಹೇಳ್ತೀನಿ ಅಂದರು. ಅಕ್ಕ ಅವರ ಕಾಲಿಗೆ ಬಿದ್ದಳು. ಅತ್ತೆ ಗಾಡಿ ಹತ್ತಿ ಕೂತಾಗಿತ್ತು. ಮನೆ ಬಾಗಿಲಲ್ಲಿ ಇಳಿದು, ಅಕ್ಕನ ಮುಖ ನೋಡದೆ ಹೇಳಿದರು.

“ನನ್ ಮಗ ಬರ್ನಿಲ್ಲ ಅಂದ್ರೆ, ಅವನ್ನ ತಿಂದೋಳು ನೀನೇ.”

ಅವತ್ತಿನಿಂದ ಅಕ್ಕ ಇಕ್ಕಿದ ಅನ್ನ, ಕೊಟ್ಟ ನೀರು ಅತ್ತೆ ಮುಟ್ಟಲಿಲ್ಲ. ಮುದ್ದೆ ತೊಳಸೋಳು ಅಕ್ಕ, ಇಕ್ಕೋಳು ನಾನು. ನನಗೆ ಮೈಯೆಲ್ಲ ಉರೀತಿತ್ತು. ಹೇಳಿಸಿದವರು ಸಾಹೇಬರು, ನೀರು ಹುಯ್ದವರು ಅಧ್ಯಕ್ಷರು, ಪುಸಲಾಯಿಸಿದವರು ನಟಿ, ಶಿಕ್ಷೆ ಮಾತ್ರ ಇವಳಿಗೆ. ಆಡೋಕೆ ಹೋದರೆ ಅಕ್ಕನೇ ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಒಂದು ದಿನ ಮೈಕಿನ ಸಾಬರು ಸೈಕಲ್ಲು ತುಳಿದುಕೊಂಡು ಬಂದು ಜಗಲಿ ಕೆಳಗೆ ನಿಂತು, ನನ್ನಿಂದ ತಪ್ಪಾಯಿತು ತಾಯಿ ಅಂದರು. ಅತ್ತೆ ಅವರಿಗೆ ಮಜ್ಜಿಗೆ ಕೊಡಿಸಿ, ನಿಮ್ಮದೇನು ತಪ್ಪಿಲ್ಲ, ಆಡಿದ ನಾಲಗೇದು ಅಂದರು. ಒಳಗೆ ಕೇರುತ್ತಿದ್ದ ಅಕ್ಕನಿಗೆ ಕೇಳಲಿ ಅಂತಲೇ ಗಟ್ಟಿಯಾಗಿ ಅಂದರು.

ಭಾನುವಾರದ ರೇಡಿಯೋ ಕೇಳೋಕೆ ನಾನೂ ನನ್ನ ಯಜಮಾನರೂ ಮಂಡ್ಯಕ್ಕೆ ಹೋಗಿದ್ದೆವು. ನಟಿ ಚೆನ್ನಾಗಿ ಹಾಡಿದರು. ಕೊನೆಯಲ್ಲಿ ಮಂಡ್ಯ ಸೀಮೆಯ ವೀರರೆಲ್ಲರಿಗೂ ನಿಮ್ಮ ಮನೆಗಳ ಕುಶಲ ಸಮಾಚಾರ ಅಂತ ಒಂದೇ ಉಸಿರಲ್ಲಿ ಅಂದು ಮುಗಿಸಿದರು. ಒಂದು ಹೆಸರೂ ಇಲ್ಲ. ಹೆಸರು ಹೇಳದ ಹಾಗೆ ಅವರನ್ನು ಯಾರಾದರೂ ತಡೆದರೋ, ಅವರೇ ಮರೆತರೋ, ಆ ದೇವರಿಗೇ ಗೊತ್ತು. ಸಮುದ್ರದಾಚೆಗೆ ಈ ದನಿ ಹೋಗೋದುಂಟಾ ಅಂತ ಸಾಬರನ್ನು ಕೇಳಿದರೆ ಅವರು ನೆಲ ನೋಡಿದರು. ಮನೆಗೆ ಬಂದು ಅಕ್ಕನಿಗೆ, ಮೊದಲು ನಿಮ್ಮವರ ಹೆಸರೇ ಹೇಳಿದರು ಅಂತ ಸುಳ್ಳು ಹೇಳಿದೆ. ಅದಕ್ಕೆ ನನಗೆ ಇವತ್ತಿಗೂ ಬೇಜಾರಿಲ್ಲ. ಅವರಿಗೆ ಕೇಳಿರುತ್ತೆ ಅಲ್ವಾ ಅಂದಳು. ಕೇಳಿರುತ್ತೆ ಅಂದೆ. ಅತ್ತೆಯ ಮಾತಿನ ಬೆಂಕಿಯನ್ನು ಅವಳು ಅಷ್ಟು ದಿನ ನುಂಗಿಕೊಂಡು ಇದ್ದದ್ದು ಆ ಒಂದು ನಂಬಿಕೆಯ ಮೇಲೆ. ನಾನೇ ಅವರನ್ನ ತಿಂದಿರಬಹುದು, ಆದರೆ ನನ್ನ ಕೂಗು ಅವರಿಗೆ ಮುಟ್ಟಿದೆ ಅಂತ ಒಂದು ಸಲ ನನಗೆ ಬಾಯಿಬಿಟ್ಟೇ ಹೇಳಿದಳು.

ಯುದ್ಧ ಮುಗಿದು, ಸೆರೆಯಿಂದ ಬಿಟ್ಟವರು ಒಬ್ಬೊಬ್ಬರಾಗಿ ಊರು ಸೇರೋಕೆ ಶುರುಮಾಡಿದರು. ಒಂದು ಮಧ್ಯಾಹ್ನ ಹಲಗೂರಿನವರೊಬ್ಬರು ನಾಲೆ ಏರಿ ಮೇಲೆ ನಡೆದುಕೊಂಡು ನಮ್ಮ ಮನೆ ಕೇಳಿಕೊಂಡು ಬಂದರು. ಮೈಮೇಲೆ ಮೂಳೆ ಬಿಟ್ಟು ಏನಿಲ್ಲ. ಸೆರೆಯಲ್ಲಿ ಭಾವನ ಪಕ್ಕದಲ್ಲೇ ಮಲಗುತ್ತಿದ್ದವರು. ನೀರು ಕೊಟ್ಟೆವು, ಕುಡಿಯಲಿಲ್ಲ. ತಲೆ ಬಗ್ಗಿಸಿಕೊಂಡು ಹೇಳಿದರು. ಸಿಂಗಾಪುರ ಬಿದ್ದ ವರ್ಷವೇ, ಮೊದಲನೇ ಮಳೆಗಾಲ, ಜ್ವರ ಬಂತು, ಹಾಸಿಗೆ ಹಿಡಿದು ಮೂರು ದಿನವೂ ಆಗಲಿಲ್ಲ, ಹೋಗಿಬಿಟ್ಟರು. ತಾವೇ ಮಣ್ಣು ಮಾಡಿದ್ದಾಗಿ ಹೇಳಿದರು.

ಅತ್ತೆ ಕಂಬಕ್ಕೆ ಒರಗಿದರು. ನನಗೆ ದುಃಖಕ್ಕಿಂತ ಮೊದಲು ಏನು ಬಂತು ಅಂತ ಹೇಳ್ತೀನಿ, ಕೋಪ ಬಂತು. ಮೊದಲನೇ ಮಳೆಗಾಲ. ಅಕ್ಕ ಹೆಸರು ಹೇಳಿದ್ದು ಅದರ ಮರುವರ್ಷದ ಆಲೆಮನೆಯಲ್ಲಿ. ಅಷ್ಟು ಹೊತ್ತಿಗೆ ಭಾವ ಮಣ್ಣಾಗಿ ವರ್ಷ ಕಳೆದಿತ್ತು. ಕೇಳಿಸಿಕೊಂಡ್ರಾ ಅತ್ತೆ, ಯಾರು ತಿಂದದ್ದು ಅಂತ ಕೇಳಿಸಿಕೊಂಡ್ರಾ, ಇವಳದೇನೂ ಇಲ್ಲ, ಅವರು ಅದಕ್ಕೆ ಮೊದಲೇ ಹೋಗಿದ್ದರು, ಅಂತ ಬಂದವರ ಮುಂದೆಯೇ ಕಿರುಚಿದೆ. ಗೆದ್ದೆ ಅಂದುಕೊಂಡು ಅಕ್ಕನ ಕಡೆ ತಿರುಗಿದೆ.

ಅಕ್ಕನ ಮುಖದಲ್ಲಿ ಬಿಡುಗಡೆ ಇರಲಿಲ್ಲ. ಅವಳು ಬೆರಳು ಮಡಿಸಿ ಮಡಿಸಿ ಏನೋ ಲೆಕ್ಕ ಹಾಕುತ್ತಿದ್ದಳು. ಲೆಕ್ಕ ಮುಗಿದು ಕೈ ಕೆಳಗೆ ಬಿತ್ತು.

“ಅಂಗಾರೆ ಅವತ್ತು ನಾನು ಅಷ್ಟೊಂದು ಕೂಗ್ದಾಗ,” ಅಂದಳು, “ಅಲ್ಲಿ ಯಾರೂ ಇರ್ನಿಲ್ವಾ?”

ಬಂದವರು ಎದ್ದು ಅಂಗಳಕ್ಕೆ ಹೋದರು. ಅತ್ತೆ ಕಂಬ ಬಿಟ್ಟು ಎದ್ದರು. ಅಷ್ಟು ವರ್ಷ ಮುಟ್ಟದಿದ್ದ ಸೊಸೆಯ ಪಕ್ಕದಲ್ಲಿ ಹೋಗಿ ಕುಕ್ಕರಿಸಿ, ಅವಳ ತಲೆಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

“ನಾನಿದ್ನಲ್ಲವ್ವ,” ಅಂದರು. “ನಾನು ಕೇಳುಸ್ಕಂಡೆ.”